ದಾಳಿಂಬೆ ಸಿಪ್ಪೆಯ ಬೆಡ್‌ಶೀಟು

ನಿವೃತ್ತಿಯಾದ ಹನ್ನೊಂದನೆಯ ದಿನ ಬೆಳಿಗ್ಗೆ ಡೈಯಿಂಗ್ ಮಾಸ್ಟರು ಅಡುಗೆಮನೆಯ ಅತಿ ದೊಡ್ಡ ಪಾತ್ರೆಯನ್ನು ಮಗುವಿನಂತೆ ಎದೆಗವಚಿಕೊಂಡು ಹಿತ್ತಲಿಗೆ ಹೊರಟರು. ಮನೆಗೆ ಇಪ್ಪತ್ತು ಜನ ನೆಂಟರು ಬಂದಾಗ ಮಾತ್ರ ಅಟ್ಟದಿಂದ ಇಳಿಯುವ ಪಾತ್ರೆ ಅದು. (ಇಪ್ಪತ್ತು ಜನ ನೆಂಟರು ಬಂದದ್ದು ಒಂದೇ ಸಲ. ಪಾತ್ರೆಯ ಪಾಲಿಗೆ ಅದೇ ಸುವರ್ಣಯುಗ.)

"ರೀ, ಅದೆಲ್ಲಿಗೆ ಹೊರಟಿತು?" ಎಂದು ಹೆಂಡತಿ ಕೇಳಿದಳು. ಅವಳು ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದನ್ನು ಹುಡುಕುತ್ತಿದ್ದಳು.

"ಪ್ರಕೃತಿಯ ಮಡಿಲಿಗೆ," ಎಂದರು ಮಾಸ್ಟರು ಗಂಭೀರವಾಗಿ.

"ಸಂಜೆ ಉಜ್ಜಿ ತೊಳೆದು ವಾಪಸ್ ಕೊಡ್ಬೇಕು ಅಂತ ಪ್ರಕೃತಿಗೆ ಹೇಳಿಡಿ," ಎಂದು ಅವಳು ಇನ್ನೊಂದು ಚಪ್ಪಲಿ ಸಿಕ್ಕಿದ ಖುಷಿಯಲ್ಲಿ ಹೊರಟುಹೋದಳು.

ಮಾಸ್ಟರಿಗೆ ಬೇಸರವಾಯಿತು. ಮೂವತ್ತೊಂದು ವರ್ಷ ಬಟ್ಟೆ ಗಿರಣಿಯ ಬಣ್ಣದ ಮನೆಯನ್ನು ಆಳಿದವರು ಅವರು. ಅಲ್ಲಿ ಅವರು ಹುಬ್ಬೇರಿಸಿದರೆ ಹತ್ತು ಸಾವಿರ ಮೀಟರ್ ಬಟ್ಟೆ ಮತ್ತೆ ತೊಟ್ಟಿಗೆ ಇಳಿಯುತ್ತಿತ್ತು. ಮನೆಯಲ್ಲಿ ಎರಡೂ ಹುಬ್ಬೇರಿಸಿದರೂ ಒಂದು ಲೋಟ ನೀರು ಬರುತ್ತಿರಲಿಲ್ಲ.

ಗಿರಣಿಯಲ್ಲಿ ಬಳಸುತ್ತಿದ್ದುದೆಲ್ಲ ಡಬ್ಬಿಯಲ್ಲಿ ಬರುವ ಬಣ್ಣ, ಕ್ಯಾನಿನಲ್ಲಿ ಬರುವ ದ್ರಾವಣ. ಮಿಕ್ಕ ನೀರು ಹಿಂದಿನ ಕಾಲುವೆಗೆ ಹೋಗುತ್ತಿತ್ತು. ಕೆಲಸದಲ್ಲಿದ್ದಷ್ಟು ದಿನ ಅವರು ಆ ಕಾಲುವೆಯನ್ನು ನೋಡಿದ್ದು 'ಇವತ್ತಿನ ಶೇಡು ಸರಿ ಬಂದಿದೆಯೇ' ಎಂದಷ್ಟೆ. ನಿವೃತ್ತಿಯಾದ ಮರುದಿನ ಹೊತ್ತು ಹೋಗದೆ ಆ ಕಡೆ ನಡೆದುಹೋದಾಗ ದಂಡೆಯ ಮೇಲೆ ಮೀನು ಹಿಡಿಯುವವನೊಬ್ಬ ಗಾಳವನ್ನು ಪಕ್ಕಕ್ಕಿಟ್ಟು ಸುಮ್ಮನೆ ಕೂತಿದ್ದ.

"ಮೀನು ಸಿಗಲ್ವೇನಪ್ಪಾ?"

"ಇವತ್ತು ನೀಲಿ ದಿನ ಸಾರ್. ಹಳದಿ ದಿನ ಆದ್ರೆ ಒಂದೋ ಎರಡೋ ಸಿಗ್ತವೆ," ಎಂದ ಅವನು, ಹವಾಮಾನದ ವಿಷಯ ಹೇಳುವಷ್ಟು ತಣ್ಣಗೆ.

ಮಾಸ್ಟರು ತಾವು ಯಾರೆಂದು ಹೇಳದೆ ಮನೆಗೆ ಬಂದರು. ಆ ರಾತ್ರಿ ಊಟ ಸೇರಲಿಲ್ಲ. ಇನ್ನು ಮುಂದೆ ಗಿಡಮರದ ಬಣ್ಣವಲ್ಲದೆ ಬೇರೊಂದನ್ನು ಕೈಯಿಂದ ಮುಟ್ಟುವುದಿಲ್ಲ ಎಂದು ಶಪಥ ಮಾಡಿದರು. (ಶಪಥ ಮಾಡುವವರ ಕಷ್ಟವೆಂದರೆ ಅದನ್ನು ಯಾರಿಗಾದರೂ ಹೇಳಲೇಬೇಕು. ಹೆಂಡತಿ ನಿದ್ದೆಯಲ್ಲಿದ್ದಳು. ಫ್ಯಾನಿಗೆ ಹೇಳಿದರು.)

ಇಷ್ಟಾದರೂ ಪಾತ್ರೆ ಹಿತ್ತಲಿಗೆ ಹೋಗಲು ನಿಜವಾದ ಕಾರಣ ಕಾಲುವೆಯಲ್ಲ. ನಡುಕೋಣೆಯಲ್ಲಿ ಮಲಗಿದ್ದ ಅಮ್ಮ.

ಅಮ್ಮ ನಾಲ್ಕು ತಿಂಗಳ ಹಿಂದೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಮೂಳೆ ಕೂಡಿತ್ತು, ಏಳುವ ಶಕ್ತಿ ಇನ್ನೂ ಬಂದಿರಲಿಲ್ಲ. ಒಂದು ಕಾಲಕ್ಕೆ ಬಸ್ ನಿಲ್ದಾಣದ ಮೈಕಿನ ಹಿಂದೆ ಕೂತು ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿಂದ ಹೊರಡುತ್ತದೆ ಎಂದು ಕೂಗುತ್ತಿದ್ದವರು. ಅವರ ದನಿ ಕೇಳಿದರೆ ಡ್ರೈವರುಗಳು ಅರ್ಧ ಕುಡಿದ ಟೀ ಬಿಟ್ಟು ಏಳುತ್ತಿದ್ದರು. ಈಗ ಆ ದನಿ ಗೋಡೆಯ ಕಡೆ ತಿರುಗಿತ್ತು. ಮಲಗಿ ಮಲಗಿ ಬೆನ್ನ ಕೆಳಗೆ ಒಂದು ಕೆಂಪು ಮಚ್ಚೆ ಎದ್ದಿತ್ತು. ಕೋಣೆಗೆ ಫಿನಾಯಿಲ್ ವಾಸನೆ, ಅದರ ಹಿಂದೆ ಫಿನಾಯಿಲ್ ಮುಚ್ಚಲು ಹೊರಟಿದ್ದ ವಾಸನೆ. ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದ ಹಳೆಯ ಗೆಳತಿ ನೋಡಲು ಬಂದರೆ ಅಮ್ಮ ಪಿಸುಗುಡುತ್ತಿದ್ದರು, "ಮಲಗಿದ್ದಾರೆ ಅಂತ ಹೇಳು."

"ಮಲಗೇ ಇದ್ದೀರಲ್ಲಮ್ಮಾ," ಎಂದು ಮಾಸ್ಟರು ಒಮ್ಮೆ ತಮಾಷೆ ಮಾಡಿದ್ದರು. ಅಮ್ಮ ನಗಲಿಲ್ಲ.

ಅಮ್ಮನ ಮಗ್ಗುಲು ಬದಲಿಸುವುದು, ಮೈ ಒರೆಸುವುದು ಎಲ್ಲ ಹೆಂಡತಿಯದು. ಅವಳಿಲ್ಲದಾಗ ಮಧ್ಯಾಹ್ನದವರೆಗೆ ಆಯಾ ಒಬ್ಬಳು ಇರುತ್ತಿದ್ದಳು. ಆಯಾ ಹೋದ ಮೇಲೆ ಹೆಂಡತಿ ಬರುವ ಐದು ಗಂಟೆಯವರೆಗೆ ಅಮ್ಮ ಇಟ್ಟ ಹಾಗೇ ಇರುತ್ತಿದ್ದರು. ಮಾಸ್ಟರು ಬಾಗಿಲಲ್ಲಿ ನಿಂತು "ಏನಾದ್ರೂ ಬೇಕೇನಮ್ಮಾ?" ಎನ್ನುತ್ತಿದ್ದರು. "ಏನೂ ಬೇಡಪ್ಪಾ," ಎಂದರೆ ಇಬ್ಬರಿಗೂ ಸಮಾಧಾನ. ಅಸಹ್ಯವೆಂದಲ್ಲ. ಇಡೀ ಬಸ್ ನಿಲ್ದಾಣವನ್ನು ನಡೆಸಿದ ಜೀವ ಎಷ್ಟು ಹಗುರವಾಗಿದೆ ಎನ್ನುವುದು ಎತ್ತಿದರೆ ತಮ್ಮ ಕೈಗೆ ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆ. ಕೈಯಿಂದ ಆಗದ ಸೇವೆಯನ್ನು ಬಟ್ಟೆಯಿಂದ ಮಾಡಿಸೋಣ ಎಂದು ಅವರ ಬುದ್ಧಿ ಓಡಿತು. ಕ್ರಿಮಿಗಳು ಹತ್ತಿರ ಸುಳಿಯದಂಥ, ವಾಸನೆ ಹಿಡಿಯದಂಥ, ಶುದ್ಧ ಹತ್ತಿಯ, ಶುದ್ಧ ಗಿಡಮೂಲದ ಬೆಡ್‌ಶೀಟು!

ಬೀದಿಕೊನೆಯ ಜ್ಯೂಸ್ ಅಂಗಡಿಯಿಂದ ಎರಡು ಚೀಲ ದಾಳಿಂಬೆ ಸಿಪ್ಪೆ ಬಂತು. ಅಂಗಡಿಯವನು ಕಸದವರಿಗೆ ಕೊಡುವುದನ್ನು ಇವರಿಗೆ ಕೊಟ್ಟು, ಇವರ ಮನೆಯಲ್ಲಿ ಹಸು ಸಾಕಿದ್ದಾರೆಂದು ತಿಳಿದುಕೊಂಡ. ಬೇವಿನ ಸೊಪ್ಪು ಬಂತು. ಬಣ್ಣಕ್ಕೆ ಮೆರುಗು ಬರಲೆಂದು ಅಡುಗೆಮನೆಯ ಅರಿಶಿನದ ಡಬ್ಬಿ ಪೂರ್ತಿ ಖಾಲಿಯಾಯಿತು. ಸಂಜೆ ಮನೆಗೆ ಬಂದ ಹೆಂಡತಿ ಹಿತ್ತಲಲ್ಲಿ ಕುದಿಯುತ್ತಿದ್ದ ಕಷಾಯವನ್ನು ಬಗ್ಗಿ ನೋಡಿದಳು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ರೋಗಾಣುಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಯಾವ ಔಷಧಿಗೆ ಸಾಯುತ್ತವೆ ಎಂದು ನೋಡುವುದೇ ಅವಳ ಕಸುಬು.

"ಪಟಿಕ ಹಾಕಿದ್ರಾ? ಬಣ್ಣ ಕಚ್ಚೋದಕ್ಕೆ ಏನಾದ್ರೂ ಬೇಕಲ್ವಾ?"

"ಅಂಗಡಿ ಸಾಮಾನು ಒಂದು ಚಿಟಿಕೆ ಕೂಡ ಇದರೊಳಗೆ ಬೀಳಲ್ಲ."

"ಕ್ಷೌರದವರು ಕೆನ್ನೆಗೆ ಉಜ್ತಾರಲ್ರೀ, ಅದೇ ಪಟಿಕ. ಅದೇನು ವಿಷಾನಾ?"

"ಇದು ತತ್ವದ ಪ್ರಶ್ನೆ ಕಣೇ."

"ಸರಿ. ಕೊನೆಗೆ ಸೋಪು ನೀರಲ್ಲಿ ಜಾಲಿಸ್ತೀರೋ ಇಲ್ವೋ?"

"ಜಾಲಿಸಿದ್ರೆ ಬೇವಿನ ಸತ್ವ ಎಲ್ಲ ತೊಳೆದು ಹೋಗತ್ತೆ!"

ಅವಳು ಒಳಗೆ ಹೋದಳು. ಬಣ್ಣದ ವಿಷಯದಲ್ಲಿ ಗಂಡನಿಗೆ ಬುದ್ಧಿ ಹೇಳುವುದು ತನ್ನ ಕೆಲಸವಲ್ಲ ಎಂದು ಅವಳು ಅಂದುಕೊಂಡಳು. ಮಾಸ್ಟರೂ ಹಾಗೇ ಅಂದುಕೊಂಡರು. ಗಿರಣಿಯಲ್ಲಿ ಯಾರಾದರೂ ಹೀಗೆ ಬಣ್ಣ ಕಚ್ಚಿಸದೆ, ತೊಳೆಯದೆ ಬಟ್ಟೆ ತಂದಿದ್ದರೆ ಅವರೇ ಅವನನ್ನು ಗೇಟಿನಾಚೆ ಕಳಿಸುತ್ತಿದ್ದರು ಎಂಬುದು ಆಗ ಅವರಿಗೆ ನೆನಪಾಗಲಿಲ್ಲ. ಸ್ವಂತ ಪಾತ್ರೆ, ಸ್ವಂತ ಸೌದೆ ಎಂದರೆ ಮನುಷ್ಯನಿಗೆ ಅನುಭವ ಅಡ್ಡ ಬರುವುದಿಲ್ಲ.

ಬೆಡ್‌ಶೀಟು ನೆರಳಲ್ಲಿ ಒಣಗಿ ಚಿನ್ನದ ತಗಡಿನಂತೆ ಹೊಳೆಯಿತು. ಮಾಸ್ಟರು ಅಂಚಿನಿಂದ ಎರಡು ಬಿಲ್ಲೆ ಕತ್ತರಿಸಿ ಹೆಂಡತಿಯ ಕೈಗಿತ್ತರು. ಅವಳು ಮೇಲಿನವರನ್ನು ಕೇಳಿಕೊಂಡು ಹಳೆಯ ತಟ್ಟೆಯೊಂದರಲ್ಲಿ ಪರೀಕ್ಷೆ ಮಾಡಿ ಮರುದಿನ ಫೋನಿನಲ್ಲಿ ಫೋಟೋ ತಂದು ತೋರಿಸಿದಳು. ತಟ್ಟೆ ತುಂಬ ಮೋಡದಂತೆ ಕ್ರಿಮಿ. ಬಟ್ಟೆಯ ಬಿಲ್ಲೆಯ ಸುತ್ತ ಮಾತ್ರ ಸ್ವಚ್ಛವಾದ ಉಂಗುರ. ಅಲ್ಲಿ ಒಂದೂ ಕ್ರಿಮಿಯಿಲ್ಲ.

ಮಾಸ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ನೋಡಿದೆಯಾ! ಹತ್ತಿರ ಬರೋಕೆ ಧೈರ್ಯ ಇಲ್ಲ ಅವಕ್ಕೆ!"

"ಸಂತೋಷ ಪಡಿ, ಬೇಡ ಅನ್ನಲ್ಲ. ಆದ್ರೆ ಉಂಗುರ ಇಷ್ಟು ದೊಡ್ಡದಾಗಿ ಬಂದಿದೆ ಅಂದ್ರೆ ಸತ್ವ ಬಟ್ಟೇಲಿ ನಿಲ್ದೆ ಆಚೆ ಹರಿದು ಹೋಗ್ತಾ ಇದೆ ಅಂತ ಅರ್ಥ. ಐದು ಸಲ ಒಗೆದು ಇನ್ನೊಂದು ಚೂರು ಕೊಡಿ, ನೋಡ್ತೀನಿ."

"ಉಂಗುರ ಬಂತೋ ಇಲ್ವೋ?"

"ಬಂತು."

"ಅಷ್ಟು ಸಾಕು," ಎಂದ ಮಾಸ್ಟರು ಅವತ್ತೇ ಬೆಡ್‌ಶೀಟನ್ನು ಅಮ್ಮನ ಮಂಚಕ್ಕೆ ಹಾಸಿಸಿದರು. ಹಾಸಿದ್ದು ಹೆಂಡತಿ. ಮಾಸ್ಟರು ಬಾಗಿಲಲ್ಲಿ ನಿಂತು ಮಾರ್ಗದರ್ಶನ ಮಾಡಿದರು.

ಅಮ್ಮ ಅಂಗೈಯಿಂದ ಬಟ್ಟೆಯನ್ನು ಸವರಿ ನೋಡಿದರು. ಮೂಗಿಗೆ ಹತ್ತಿರ ಹಿಡಿದರು. "ನೀನೇ ಮಾಡಿದ್ದೇನೋ? ಎಷ್ಟು ಚೆನ್ನಾಗಿದೆಯೋ. ಮರದ ಕೆಳಗೆ ಮಲಗಿದ ಹಾಗಿದೆ." ಇನ್ನೊಮ್ಮೆ ಸವರಿ, "ಟಿಕೆಟ್ ಕೌಂಟರಿನವಳಿಗೆ ಫೋನ್ ಮಾಡು. ಬರಬೇಕಂತೆ ಅನ್ನು," ಎಂದರು.

ಗೆಳತಿ ಮರುದಿನವೇ ಬಂದರು. ಮಾಸ್ಟರು ಹೊರಗೆ ಪೇಪರು ಹಿಡಿದು ಕೂತಿದ್ದರು. ಒಳಗಿನಿಂದ, ನಾಲ್ಕು ತಿಂಗಳ ನಂತರ, ಅಮ್ಮ ನಕ್ಕಿದ್ದು ಕೇಳಿಸಿತು. ಪೇಪರಿನ ಅಕ್ಷರಗಳು ಅವರಿಗೆ ಯಾಕೋ ಮಸುಕಾದವು. ಕನ್ನಡಕವನ್ನು ಎರಡು ಸಲ ಒರೆಸಿದರೂ ಸರಿಹೋಗಲಿಲ್ಲ.

ಮೂರನೆಯ ದಿನ ಸಂಜೆ ತಿಂಗಳಿಗೊಮ್ಮೆ ಬರುವ ಡಾಕ್ಟರು ಬಂದರು. ನಾಡಿ ಹಿಡಿದರು, ಹಿಡಿದ ಕೈಯನ್ನು ಬೆಳಕಿಗೆ ತಿರುಗಿಸಿದರು. ಅಂಗೈ ಹಳದಿ. ಮೊಣಕೈ ಹಳದಿ. ಹಿಮ್ಮಡಿ ಗಾಢ ಹಳದಿ.

"ಎಷ್ಟು ದಿನದಿಂದ ಹೀಗೆ?" ಡಾಕ್ಟರ ದನಿ ತಗ್ಗಿತು. "ಕಾಮಾಲೆ ಇರಬಹುದು. ಈ ವಯಸ್ಸಲ್ಲಿ ಲಿವರ್ ಅಂದ್ರೆ ಹುಡುಗಾಟ ಅಲ್ಲ. ಆದ್ರೆ ಕಣ್ಣು ಬೆಳ್ಳಗಿದೆ... ಹಿಮ್ಮಡಿಯಿಂದ ಶುರುವಾಗೋ ಕಾಮಾಲೇನ ನಾನು ಇದುವರೆಗೂ ನೋಡಿಲ್ಲ."

ಮಾಸ್ಟರು ಫೋನಿಗೆ ಕೈಹಾಕಿದರು. ಅಮ್ಮನ ಲಿವರು! ನಿನ್ನೆ ಮೊನ್ನೆ ನಗತೊಡಗಿದ್ದ ಅಮ್ಮ! ರಕ್ತಪರೀಕ್ಷೆಗೆ ಎಲ್ಲಿ, ಯಾರನ್ನು ಕರೆಯುವುದು ಎಂದು ಅವರು ಫೋನನ್ನು ತಲೆಕೆಳಗಾಗಿ ಹಿಡಿದು ಒತ್ತತೊಡಗಿದರು.

ಆ ಹೊತ್ತಿಗೆ ಹೆಂಡತಿ ಬಂದಳು. ಚೀಲ ಕೆಳಗಿಟ್ಟಳು, ಅತ್ತೆಯ ಹಿಮ್ಮಡಿ ನೋಡಿದಳು, ಬೆಡ್‌ಶೀಟು ನೋಡಿದಳು, ಗಂಡನ ಮುಖ ನೋಡಿದಳು. ಬಚ್ಚಲಿನಿಂದ ಬಟ್ಟೆ ಸೋಪನ್ನು ಒದ್ದೆ ಮಾಡಿ ತಂದು ಹಿಮ್ಮಡಿಗೆ ಒಂದು ಸಲ ಉಜ್ಜಿದಳು. ಹಳದಿ ಹಿಮ್ಮಡಿ ಕಣ್ಣೆದುರೇ ಇಟ್ಟಿಗೆಯಂತೆ ಕೆಂಪಾಯಿತು. ಡಾಕ್ಟರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಸೋಪು ಹಾಕಿದ್ರೆ ಕಾಮಾಲೆ ಕೆಂಪಾಗಲ್ಲ ಡಾಕ್ಟ್ರೇ," ಎಂದಳು ಅವಳು. "ಅರಿಶಿನ ಆಗತ್ತೆ."

ಎಲ್ಲರೂ ಮಾಸ್ಟರ ಕಡೆ ನೋಡಿದರು. ಮಾಸ್ಟರು ಫ್ಯಾನಿನ ಕಡೆ ನೋಡಿದರು. ಅಮ್ಮ ಒಬ್ಬರೇ ತಮ್ಮ ಕೆಂಪು ಹಿಮ್ಮಡಿಯನ್ನು ನೋಡಲು ಕತ್ತು ಎತ್ತುತ್ತಾ, "ಚೆನ್ನಾಗಿ ಕಾಣ್ತಿದೆಯೇನೇ?" ಎಂದು ಸೊಸೆಯನ್ನು ಕೇಳಿದರು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಡಾಕ್ಟರು ಬೆನ್ನು ನೋಡಿದರು. ಕೆಂಪು ಮಚ್ಚೆ ದೊಡ್ಡದಾಗಿತ್ತು, ನಡುವೆ ಚರ್ಮ ಬಿರಿದಿತ್ತು. "ಬಟ್ಟೆ ಯಾವ ಬಣ್ಣದ್ದಾದ್ರೂ ಹಾಸಿ, ನಂಗೇನಿಲ್ಲ. ಎರಡು ಗಂಟೆಗೊಂದು ಸಲ ಮಗ್ಗುಲು ಬದಲಿಸ್ಲೇಬೇಕು. ಇಲ್ಲದಿದ್ರೆ ಇದು ಮೂಳೆವರೆಗೂ ಹೋಗತ್ತೆ. ಮಧ್ಯಾಹ್ನ ಮನೇಲಿ ಯಾರಿರ್ತಾರೆ?"

ಹೊರಗೆ ಯಾರದೋ ಸ್ಕೂಟರು ಸ್ಟಾರ್ಟ್ ಆಗಿ ದೂರ ಹೋಗುವಷ್ಟು ಹೊತ್ತು ಕಳೆಯಿತು.

"ನಾನಿರ್ತೀನಿ," ಎಂದರು ಮಾಸ್ಟರು.

ಅಂದು ಅಡುಗೆಮನೆಯಲ್ಲಿ ಹೆಂಡತಿ ಬಯ್ಯಲಿಲ್ಲ. ಮಾಸ್ಟರಿಗೆ ಅದೇ ಹೆಚ್ಚು ಹೆದರಿಕೆಯಾಯಿತು. "ಹುಣ್ಣು ಬರಿ ಕ್ರಿಮಿಯಿಂದ ಆಗಲ್ಲ ರೀ," ಎಂದಳು ಅವಳು ಪಾತ್ರೆ ಒರೆಸುತ್ತಾ. "ಒಂದೇ ಕಡೆ ಭಾರ ಬಿದ್ದು ಬಿದ್ದು ಆಗತ್ತೆ. ಬಟ್ಟೆ ಎಷ್ಟು ಒಳ್ಳೇದಾದ್ರೂ ಅದು ಮನುಷ್ಯರನ್ನ ಎತ್ತಲ್ಲ."

"ನಂಗೆ ಹೆದರಿಕೆ ಆಗತ್ತೆ ಕಣೇ."

ಅವಳ ಕೈ ನಿಂತಿತು. "ನಂಗೂ ಮೊದಲ ದಿನ ಆಗಿತ್ತು," ಎಂದಳು. "ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಆಮೇಲೆ ಅವಳು ಸೋಫಾದ ದಿಂಬನ್ನು ಅತ್ತೆಯೆಂದು ಭಾವಿಸಿ ಪಾಠ ಮಾಡಿದಳು. ಒಂದು ಕೈ ಭುಜದ ಕೆಳಗೆ, ಒಂದು ಕೈ ಸೊಂಟದ ಕೆಳಗೆ, ಹೇಳಿ ಎತ್ತಬೇಕು, ಎಳೆಯಬಾರದು, ಹೊರಳಿದ ಮೇಲೆ ಬೆನ್ನಿಗೆ ಆಸರೆ. ಮಾಸ್ಟರು ದಿಂಬನ್ನು ಎರಡು ಸಲ ಕೆಳಗೆ ಬೀಳಿಸಿ ಮೂರನೆಯ ಸಲ ಪಾಸಾದರು.

ಮರುದಿನ ಆಯಾ ಹೋದ ಮೇಲೆ ಅವರು ಮೊದಲ ಸಲ ಹೊಸ್ತಿಲು ದಾಟಿ ಮಂಚದ ಪಕ್ಕಕ್ಕೆ ಬಂದರು.

"ಬೇಡ ಕಣೋ," ಎಂದರು ಅಮ್ಮ, ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡು. "ಅವಳು ಬರ್ಲಿ."

"ಅವಳು ಬರೋದು ಐದಕ್ಕಮ್ಮಾ."

"ನೀನು ಗಂಡು ಹುಡುಗ."

"ಅರವತ್ತಾಯ್ತಮ್ಮ ನಂಗೆ."

ಅಮ್ಮ ಕಣ್ಣು ಮುಚ್ಚಿಕೊಂಡರು. ಮಾಸ್ಟರು ಕೈ ಕೆಳಗೆ ಹಾಕಿ, ಒಂದು ಎರಡು ಮೂರು ಎಂದು ಎಣಿಸಿ ಎತ್ತಿದರು. ಒದ್ದೆ ಬಟ್ಟೆಯ ಸುರುಳಿಗಳನ್ನು ಮೂವತ್ತೊಂದು ವರ್ಷ ಎತ್ತಿದ ಕೈಗಳವು. ಅವು ನಿರೀಕ್ಷಿಸಿದ್ದ ಭಾರದಲ್ಲಿ ಕಾಲುಭಾಗವೂ ಅಲ್ಲಿರಲಿಲ್ಲ. ಇಷ್ಟು ದಿನ ಯಾವುದಕ್ಕೆ ಹೆದರಿದ್ದರೋ ಅದು ಆಗಿಹೋಯಿತು. ಆಗಿಹೋದ ಮೇಲೆ ಅಮ್ಮ ಇನ್ನೂ ಅಮ್ಮನೇ ಆಗಿದ್ದರು.

"ದಿಂಬು ಸರಿಯಾಗಿ ಇಟ್ಟಿಲ್ಲ ನೀನು," ಎಂದರು ಅವರು ಕಣ್ಣು ಬಿಡದೆ.

ಆ ಬೆಡ್‌ಶೀಟನ್ನು ಎಸೆಯಲು ಅಮ್ಮ ಒಪ್ಪಲಿಲ್ಲ. ಹುಣ್ಣಿಗೆ ಬ್ಯಾಂಡೇಜು ಬಿದ್ದಿದ್ದರಿಂದ ಬಣ್ಣ ತಾಗುವ ಭಯವಿಲ್ಲ, ಇರಲಿ ಬಿಡಿ ಎಂದಳು ಹೆಂಡತಿ. ಅವಳ ಆ ಧಾರಾಳದ ಹಿಂದೆ ಏನಿತ್ತೆಂದು ಮಾಸ್ಟರಿಗೆ ತಿಳಿದದ್ದು ನಾಲ್ಕನೆಯ ದಿನ. ಅಂದು ಊಟವಾದ ಮೇಲೆ ಅವರು ಐದು ನಿಮಿಷ ಒರಗೋಣ ಎಂದು ಒರಗಿ, ಎದ್ದದ್ದು ಬಾಗಿಲ ಬೆಲ್ಲು ಕೇಳಿ. ಹೆಂಡತಿ ಬಂದವಳೇ ಅತ್ತೆಯ ಎರಡೂ ಭುಜಗಳನ್ನು ನೋಡಿದಳು.

"ಎರಡು ಗಂಟೆಗೆ ಹೊರಳಿಸಿದ್ರಾ?"

"ಓ."

"ನಾಲ್ಕಕ್ಕೆ?"

"ಓಹೋ!"

"ಬಲಭುಜ ಕಡುಹಳದಿ, ಬಲ ಹಿಮ್ಮಡಿ ಕಡುಹಳದಿ. ಎಡಗಡೆ ಆಯಾ ಹೋಗುವಾಗ ಒರೆಸಿದ ಹಾಗೇ ಇದೆ. ಯಾಕೆ?"

ಮಾಸ್ಟರು ಬೆವರು, ಗಾಳಿಯ ತೇವ, ಹತ್ತಿಯ ನೂಲಿನ ಗುಣ ಮುಂತಾದ ಶಾಸ್ತ್ರೀಯ ಕಾರಣಗಳನ್ನು ಹುಡುಕುತ್ತಿರುವಾಗ ಮಂಚದಿಂದ ಒಂದು ದನಿ ಎದ್ದಿತು. ಹಳೆಯ ದನಿ, ಮೈಕಿಲ್ಲದೆ ಮನೆಯೆಲ್ಲ ತುಂಬುವ ದನಿ.

"ಪ್ರಯಾಣಿಕರ ಗಮನಕ್ಕೆ! ಎರಡು ಗಂಟೆಗೆ ಹೊರಡಬೇಕಾಗಿದ್ದ ಎಡಮಗ್ಗುಲು, ಡ್ರೈವರು ಮಲಗಿರುವುದರಿಂದ ಇನ್ನೂ ಹೊರಟಿಲ್ಲ!"

ಹೆಂಡತಿ ಗೋಡೆ ಹಿಡಿದುಕೊಂಡು ನಕ್ಕಳು. ಅತ್ತೆ ಸೊಸೆ ಸೇರಿ ಇಷ್ಟು ನಕ್ಕಿದ್ದನ್ನು ಮಾಸ್ಟರು ಹಿಂದೆ ಕಂಡಿರಲಿಲ್ಲ. ಅದರ ಖರ್ಚು ತಮ್ಮ ಮಾನವಾದರೂ ಅವರಿಗೆ ಅಷ್ಟೇನೂ ನೋವಾಗಲಿಲ್ಲ. ಸ್ವಲ್ಪ ಆಯಿತು.

ಅಂದಿನಿಂದ ಅಮ್ಮನ ಮೈಯೇ ಹಾಜರಿ ಪುಸ್ತಕವಾಯಿತು. "ಪಟಿಕ ಹಾಕಿ ಬಣ್ಣ ಬಿಡದ ಹಾಗೆ ಇನ್ನೊಂದು ಮಾಡ್ತೀನಿ," ಎಂದು ಮಾಸ್ಟರು ತತ್ವವನ್ನೂ ಬಿಟ್ಟು ಶರಣಾದರು. "ಬೇಡ," ಎಂದಳು ಹೆಂಡತಿ. "ಬೇಡವೇ ಬೇಡ," ಎಂದರು ಅಮ್ಮ. ಹೀಗಾಗಿ, ಒಗೆದು ಒಗೆದು ಪೇಲವವಾದ ಬೆಡ್‌ಶೀಟನ್ನು ವಾರಕ್ಕೊಮ್ಮೆ ಮತ್ತೆ ಅದೇ ಪಾತ್ರೆಯಲ್ಲಿ, ಅದೇ ತಪ್ಪುಗಳನ್ನು ಒಂದೂ ಬಿಡದೆ ಮಾಡಿ, ಬಣ್ಣ ಹಾಕುವುದು ಅವರ ಪಾಲಿಗೆ ಬಂತು. ಜ್ಯೂಸ್ ಅಂಗಡಿಯವನು "ಹಸು ಹೇಗಿದೆ ಸಾರ್?" ಎನ್ನುತ್ತಾ ಸಿಪ್ಪೆ ತುಂಬಿಕೊಡುತ್ತಿದ್ದ.

ಆದರೂ ಕಸುಬುದಾರ ಕಸುಬುದಾರನೇ. ಕೆಲವು ವಾರಗಳಲ್ಲಿ ಅಮ್ಮನ ಎರಡೂ ಮಗ್ಗುಲನ್ನು ಒಂದೇ ಶೇಡಿಗೆ ತರುವುದರಲ್ಲಿ ಮಾಸ್ಟರು ಪಳಗಿದರು. ಸಂಜೆ ಹೆಂಡತಿ ಬಾಗಿಲಲ್ಲಿರುವಾಗಲೇ "ಬಾ, ಇವತ್ತು ನೋಡು!" ಎಂದು ಕರೆಯುತ್ತಿದ್ದರು.

"ಎಡಕ್ಕೆ ಸ್ವಲ್ಪ ಕಡಿಮೆ ಇದೆ."

"ಅದು ಕಿಟಕಿ ಬೆಳಕು ಕಣೇ!"

ಒಮ್ಮೆ ಹೊರಳಿಸಿ ಇನ್ನೊಮ್ಮೆ ಹೊರಳಿಸುವ ನಡುವೆ ಮಾತಿಗೂ ಹೊತ್ತು ಸಿಗುತ್ತಿತ್ತು. ಒಂದು ಮಧ್ಯಾಹ್ನ ಅಮ್ಮ ಗೋಡೆಯ ಕಡೆಯಿಂದ ಈ ಕಡೆ ಹೊರಳಿ, ಮಗನ ತೋಳನ್ನು ಬಿಡದೆ ಹೇಳಿದರು. "ನೀನು ಗಿರಣಿಗೆ ಹೋಗ್ತಿದ್ದ ಏಳು ಹತ್ತರ ಬಸ್ಸಿತ್ತಲ್ಲ, ಅದನ್ನ ಮಾತ್ರ ಮೂರು ಸಲ ಕೂಗ್ತಿದ್ದೆ. ಮಿಕ್ಕಿದ್ದೆಲ್ಲ ಎರಡೇ ಸಲ."

"ನಂಗೆ ಗೊತ್ತೇ ಇರ್ಲಿಲ್ವಲ್ಲಮ್ಮಾ."

"ಗೊತ್ತಾಗ್ಲಿ ಅಂತ ಕೂಗ್ಲಿಲ್ಲ. ನಿಂಗೆ ಬಸ್ಸು ತಪ್ಪದಿರ್ಲಿ ಅಂತ ಕೂಗಿದ್ದು."

ಮಾಸ್ಟರು ಸರಿಯಾಗಿಯೇ ಇದ್ದ ದಿಂಬನ್ನು ಮತ್ತೊಮ್ಮೆ ಸರಿ ಮಾಡಿದರು.

ಎರಡು ತಿಂಗಳಾಗುವಷ್ಟರಲ್ಲಿ ಹುಣ್ಣು ಮಾಗಿ ಹೊಸ ಚರ್ಮ ಬಂದಿತ್ತು. ಅಮ್ಮ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವಷ್ಟಾಗಿದ್ದರು. ಡಾಕ್ಟರು ಬಂದು ಬೆನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಆಸ್ಪತ್ರೇಲೂ ಇಷ್ಟು ಚೆನ್ನಾಗಿ ವಾಸಿಯಾಗಲ್ಲ," ಎಂದರು. ಹೆಂಡತಿ ಹಳದಿ ಹಾಜರಿಯ ಕಥೆಯನ್ನು ಒಂದಕ್ಕೆರಡು ಮಾಡಿ ಹೇಳಿದಳು. ಡಾಕ್ಟರು ನಗಲಿಲ್ಲ. ಬ್ಯಾಗಿನ ಜಿಪ್ಪು ಹಾಕುತ್ತಾ, ತೆಗೆಯುತ್ತಾ, ಮತ್ತೆ ಹಾಕುತ್ತಾ ನಿಂತರು.

"ಮಾಸ್ಟ್ರೇ, ನಂಗೂ ಒಂದು ಬೆಡ್‌ಶೀಟು ಮಾಡಿಕೊಡ್ತೀರಾ?"

ಮಾಸ್ಟರ ಎದೆ ಉಬ್ಬಿತು. ನಿವೃತ್ತ ಜೀವನದ ಮೊದಲ ಬೇಡಿಕೆ! ಅದೂ ವೈದ್ಯಲೋಕದಿಂದ! "ಖಂಡಿತ ಡಾಕ್ಟ್ರೇ. ಯಾರಿಗೆ?"

"ನಮ್ಮಪ್ಪನಿಗೆ. ಒಂದು ವರ್ಷ ಆಯ್ತು ಮಲಗಿ."

"ಹೊರಳಿಸೋದು ಯಾರು?"

ಡಾಕ್ಟರು ಕಿಟಕಿಯ ಕಡೆ ನೋಡಿದರು. "ಬೆಳಿಗ್ಗೆ ನಾನು ಹೊರಳಿಸಿ ಬರಬೇಕು. ಹೊರಳಿಸಿದ್ದೀನಿ ಅಂತ ಮನೆಯವಳಿಗೆ ಹೇಳ್ತೀನಿ. ಅವಳು ನಂಬ್ತಾಳೆ. ಅದೇ ಕಷ್ಟ ಆಗಿರೋದು."

ಮಾಸ್ಟರಿಗೆ ಆ ಮನುಷ್ಯನ ಭುಜದ ಮೇಲೆ ಕೈಯಿಡಬೇಕೆನಿಸಿತು. ಕೈಯಿಡುವ ಬದಲು ಅವರು ತಮಗೆ ಗೊತ್ತಿದ್ದ ರೀತಿಯಲ್ಲಿ ಸಮಾಧಾನ ಹೇಳಹೊರಟರು. "ಡಾಕ್ಟ್ರೇ, ನಿಮ್ಮದಕ್ಕೆ ಬೇವು ಎರಡರಷ್ಟು ಹಾಕ್ತೀನಿ. ಲ್ಯಾಬಲ್ಲಿ ಉಂಗುರ ಬಂದಿದೆ, ಫೋಟೋ ಇದೆ. ಈ ಸಲ ಕ್ರಿಮಿ ಅನ್ನೋದು..."

"ಕ್ರಿಮಿ ವಿಷಯ ಬಿಡಿ ಮಾಸ್ಟ್ರೇ, ಅದಕ್ಕೆ ಸೋಪಿದೆ," ಎಂದರು ಡಾಕ್ಟರು ಬ್ಯಾಗು ಎತ್ತಿಕೊಂಡು. "ಬಣ್ಣ ಮಾತ್ರ ಚೆನ್ನಾಗಿ ಬಿಡ್ಬೇಕು."

ಮಾಸ್ಟರು ಬಾಯಿ ತೆರೆಯುವ ಮೊದಲೇ ಅಮ್ಮ ಮಂಚದ ಅಂಚಿನಿಂದ ಅಭಯ ಕೊಟ್ಟರು.

"ಆ ಯೋಚನೆ ನಿಮಗೆ ಬೇಡ ಡಾಕ್ಟ್ರೇ. ನನ್ನ ಮಗ ಹಾಕಿದ ಬಣ್ಣ ಅಲ್ವಾ, ಗ್ಯಾರಂಟಿ ಬಿಡತ್ತೆ."